ಮನೆಯಲ್ಲಿ ಹವಳದ ಅಕ್ವೇರಿಯಂ: ನಂಬಲರ್ಹ ಅಂಗಡಿಯ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸಿಹಿನೀರಿನ ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್ ಮೊದಲಾದ ಅಲಂಕಾರಿಕ ಮೀನುಗಳನ್ನು ಸಾಕಿ ಅನುಭವ ಪಡೆದ ಅನೇಕರು ಮುಂದಿನ ಹೆಜ್ಜೆಯಾಗಿ ಕಡಲ ನೀರಿನ ತೊಟ್ಟಿಯನ್ನು, ಅದರಲ್ಲಿಯೂ ಹವಳದ ದಿಬ್ಬವನ್ನು ಹೋಲುವ ತೊಟ್ಟಿಯನ್ನು ಇಡಲು ಆಸಕ್ತಿ ತೋರುತ್ತಾರೆ. ಇಂತಹ ತೊಟ್ಟಿಗೆ ಸಿಹಿನೀರಿನ ತೊಟ್ಟಿಗಿಂತ ಹಲವು ಪಟ್ಟು ಹೆಚ್ಚು ಹಣ, ಸಮಯ ಹಾಗೂ ತಾಳ್ಮೆ ಬೇಕಾಗುತ್ತದೆ. ಹೊಸಬರು ಮೊದಲ ವರ್ಷದಲ್ಲಿ ಕಲಿಯುವ ವಿಷಯಗಳಲ್ಲಿ ಬಹುಪಾಲು ಅಂಗಡಿಯವರಿಂದಲೇ ಬರುವುದರಿಂದ, ಮೀನನ್ನು ಆಯ್ಕೆ ಮಾಡುವ ಮೊದಲು ಅಂಗಡಿಯನ್ನು ಆಯ್ಕೆ ಮಾಡಿಕೊಳ್ಳುವುದು ಸೂಕ್ತ.

ಇದಕ್ಕೆ ಎರಡನೆಯ ಕಾರಣವೂ ಇದೆ. ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಬಹಿರಂಗವಾಗಿ ಇಟ್ಟಿರುವ ವಸ್ತುವೆಲ್ಲವೂ ಕಾನೂನುಬದ್ಧವಾದುದೆಂದು ಸಾರ್ವಜನಿಕರು ಸಹಜವಾಗಿ ಭಾವಿಸುತ್ತಾರೆ. ಹವಳದ ವಿಷಯದಲ್ಲಿ ಈ ಭಾವನೆ ಸರಿಯಲ್ಲ. ಕೊಂಡವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಕಾನೂನಿನ ಕ್ರಮವನ್ನೂ ಎದುರಿಸಬೇಕಾಗಿ ಬರಬಹುದು. ಆದುದರಿಂದ ಈ ಪುಟದಲ್ಲಿ ಕಾನೂನಿನ ವಿಷಯವನ್ನು ಮೊದಲು ನೀಡಲಾಗಿದೆ. ಯಾವುದೇ ಅಂಗಡಿಯನ್ನು ಇಲ್ಲಿ ಹೆಸರಿಸಿ ಶಿಫಾರಸು ಮಾಡಿರುವುದಿಲ್ಲ.

ಹವಳ ಮತ್ತು ವನ್ಯಜೀವಿ ಕಾಯಿದೆ

ಭಾರತದಲ್ಲಿ ಹವಳದ ದಿಬ್ಬಗಳು ಮುಖ್ಯವಾಗಿ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಚ್ಛ್ ಕೊಲ್ಲಿ, ಲಕ್ಷದ್ವೀಪ ಹಾಗೂ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿವೆ. ಕರ್ನಾಟಕದ ಕರಾವಳಿಯಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿರುವುದು ತಿಳಿದ ವಿಷಯ. ಮನ್ನಾರ್ ಕೊಲ್ಲಿಯಲ್ಲಿ ಹಿಂದೆ ಸುಣ್ಣಕ್ಕಾಗಿ ಹವಳವನ್ನು ಅಗೆದು ತೆಗೆಯುತ್ತಿದ್ದುದರಿಂದ ದಿಬ್ಬಗಳಿಗೆ ಆದ ಹಾನಿ ಅಪಾರ. ಹವಳವು ನೋಡಲು ಕಲ್ಲಿನಂತೆ ಅಥವಾ ಗಿಡದಂತೆ ಕಂಡರೂ ಅದು ಪ್ರಾಣಿ. ಕಲ್ಲಿನಂತೆ ಕಾಣುವ ಭಾಗವು ಅಸಂಖ್ಯ ಸಣ್ಣ ಜೀವಿಗಳು ಸೇರಿ ಕಟ್ಟಿದ ಸುಣ್ಣದ ಅಸ್ಥಿಪಂಜರ.

ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳಗಳು, ಬೆಂಕಿ ಹವಳಗಳು ಹಾಗೂ ಕಡಲ ಬೀಸಣಿಗೆಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ರ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಕಡಲಕುದುರೆ, ಕಡಲ ಸೌತೆ ಹಾಗೂ ಟ್ರೈಡಾಕ್ನಾ ಜಾತಿಯ ಎರಡು ದೈತ್ಯ ಚಿಪ್ಪುಗಳಿಗೂ ಅದೇ ವರ್ಷ ಕಾಯಿದೆಯ ರಕ್ಷಣೆ ದೊರೆಯಿತು. ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅನುಸೂಚಿಗಳನ್ನು ಹೊಸದಾಗಿ ರಚಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ತರಲಾಗಿದೆ. ಗಟ್ಟಿ ಹವಳಗಳು ಈಗಲೂ ಒಂದನೆಯ ಅನುಸೂಚಿಯಲ್ಲಿಯೇ ಇವೆ. ಒಂದನೆಯ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷದಿಂದ ಗರಿಷ್ಠ 7 ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನು ವಿಧಿಸಬಹುದಾಗಿದೆ.

ಅಂಗಡಿಗಳಲ್ಲಿ ಈ ಹವಳಗಳನ್ನು ಕಾಯಿದೆಯ ಹೆಸರಿನಿಂದ ಕರೆಯುವುದಿಲ್ಲ ಎಂಬುದನ್ನು ಸಾರ್ವಜನಿಕರು ಗಮನದಲ್ಲಿಡತಕ್ಕದ್ದು. ವ್ಯಾಪಾರದ ಮಾತಿನಲ್ಲಿ ಎಸ್‌ಪಿಎಸ್ ಮತ್ತು ಎಲ್‌ಪಿಎಸ್ ಎಂದು ಹೇಳುವ ಎರಡೂ ಗುಂಪುಗಳು ಗಟ್ಟಿ ಹವಳಗಳೇ. ಅಕ್ರೊಪೊರಾ, ಮಾಂಟಿಪೊರಾ, ಹ್ಯಾಮರ್, ಟಾರ್ಚ್, ಬ್ರೇನ್ ಎಂಬ ಹೆಸರುಗಳಲ್ಲಿ ಮಾರುವುದೂ ಇವನ್ನೇ. ಸಣ್ಣ ತುಂಡುಗಳನ್ನು ಫ್ರಾಗ್ ಎನ್ನುತ್ತಾರೆ. ತುಂಡು ಚಿಕ್ಕದಾದ ಮಾತ್ರಕ್ಕೆ ಕಾಯಿದೆಯ ವ್ಯಾಪ್ತಿಯಿಂದ ಹೊರಗಾಗುವುದಿಲ್ಲ. ಹವಳದ ಒಣ ಅಸ್ಥಿಪಂಜರವನ್ನು, ಅಂದರೆ ಸತ್ತ ಹವಳದ ಕಲ್ಲನ್ನು, ಅಲಂಕಾರಕ್ಕೆಂದು ಕೊಂಡರೂ ಕಾಯಿದೆ ಅನ್ವಯಿಸುತ್ತದೆ. ಪ್ರವಾಸಿ ಸ್ಥಳಗಳಿಂದ ನೆನಪಿಗಾಗಿ ತಂದ ತುಂಡಿನ ವಿಷಯವೂ ಇದೇ.

“ಇದು ವಿದೇಶದ್ದು, ಸಾಕಣೆ ಕೇಂದ್ರದಲ್ಲಿ ಬೆಳೆಸಿದ್ದು, ಏನೂ ತೊಂದರೆಯಿಲ್ಲ” ಎಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಗಟ್ಟಿ ಹವಳಗಳು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿಯೂ ಇರುವುದರಿಂದ ವಿದೇಶದಿಂದ ತರಲು ಪ್ರತ್ಯೇಕ ಪತ್ರಗಳು ಬೇಕು. ಸದರಿ ಒಪ್ಪಂದದ ಪಟ್ಟಿಗಳಲ್ಲಿರುವ ಜೀವಂತ ಪ್ರಾಣಿಗಳನ್ನು ಹೊಂದಿರುವವರು ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದ ಮೂಲಕ ವರದಿ ಮಾಡಿ ನೋಂದಾಯಿಸಬೇಕೆಂಬ ನಿಯಮಗಳು 2024ರಲ್ಲಿ ಜಾರಿಗೆ ಬಂದಿವೆ. ಪತ್ರಗಳನ್ನು ತೋರಿಸಲಾಗದ ಅಂಗಡಿಯವರ ಬಾಯಿಮಾತು ಕೊಂಡವರನ್ನು ರಕ್ಷಿಸುವುದಿಲ್ಲ. ಹೊಸ ಹವ್ಯಾಸಿಗಳು ಗಟ್ಟಿ ಹವಳದ ಗೊಡವೆಗೆ ಹೋಗದಿರುವುದೇ ಲೇಸು.

ಹಾಗಾದರೆ ಹವಳದ ತೊಟ್ಟಿ ಇಡುವುದೇ ಬೇಡವೇ ಎಂದು ಕೇಳಬಹುದು. ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಕಲ್ಲು, ಕಡಲ ಪಾಚಿ, ಮರಿ ಮಾಡಿಸಿದ ಮೀನುಗಳು ಹಾಗೂ ಸಿಗಡಿಗಳಿಂದಲೂ ಸುಂದರವಾದ ತೊಟ್ಟಿಯನ್ನು ಕಟ್ಟಬಹುದಾಗಿದೆ. ಅಣಬೆ ಹವಳ, ಜೊವಾಂಥಿಡ್, ಲೆದರ್, ಝೀನಿಯಾ ಮೊದಲಾದ ಮೆತ್ತನೆಯ ಜೀವಿಗಳು ಮೇಲ್ಕಂಡ ಗಟ್ಟಿ ಹವಳಗಳ ಗುಂಪಿಗೆ ಸೇರಿದವುಗಳಲ್ಲ. ಆದರೆ ಅವು ಅಂಟಿಕೊಂಡಿರುವ ಕಲ್ಲು ಬಹಳ ಸಲ ಹವಳದ ಅಸ್ಥಿಪಂಜರವೇ ಆಗಿರುತ್ತದೆ. ಕಡಲ ರಾಷ್ಟ್ರೀಯ ಉದ್ಯಾನಗಳಿಂದ ಯಾವುದೇ ಜೀವಿಯನ್ನು ತೆಗೆಯುವಂತಿಲ್ಲ. ಆದ್ದರಿಂದ ಇವುಗಳ ವಿಷಯದಲ್ಲಿಯೂ ಮೂಲವನ್ನು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು. ಲೈವ್ ರಾಕ್ ಎಂದು ಮಾರುವ ಕಡಲ ಕಲ್ಲಿಗೂ ಈ ಮಾತು ಅನ್ವಯಿಸುತ್ತದೆ.

ಅಂಗಡಿಯವರ ಪ್ರಾಮಾಣಿಕತೆಯನ್ನು ತಿಳಿಯಲು ಸುಲಭವಾದ ಮೊದಲ ಪರೀಕ್ಷೆ ಇಲ್ಲಿಯೇ ದೊರೆಯುತ್ತದೆ. ಗಟ್ಟಿ ಹವಳ ಇದೆಯೇ ಎಂದು ಕೇಳಿ ನೋಡಿ. “ನಾವು ಇಡುವುದಿಲ್ಲ” ಎಂದು ಕಾರಣ ಸಹಿತ ಹೇಳುವ ಅಂಗಡಿಗೆ ಮತ್ತೊಮ್ಮೆ ಹೋಗಬಹುದು. ಹಿಂದಿನ ಕೋಣೆಗೆ ಕರೆದೊಯ್ದು ತೋರಿಸುವ ಅಂಗಡಿಯಿಂದ ಉಪ್ಪಿನ ಚೀಲವನ್ನೂ ಕೊಳ್ಳುವುದು ಬೇಡ.

ಮೊದಲ ಭೇಟಿ

ಮೊದಲ ಭೇಟಿಯಲ್ಲಿ ಏನನ್ನೂ ಕೊಳ್ಳದಿರುವುದು ಉತ್ತಮ. ಸಾಧ್ಯವಾದರೆ ಜನಸಂದಣಿಯಿಲ್ಲದ ವಾರದ ದಿನದಲ್ಲಿ ಹೋಗಿ, ಅರ್ಧ ಗಂಟೆ ನಿಂತು ನೋಡಬೇಕು. ಒಳಗೆ ಕಾಲಿಟ್ಟಾಗ ಕಡಲ ತೀರದ ಹದವಾದ ವಾಸನೆ ಬರುವುದು ಸಹಜ, ಕೊಳೆತ ವಾಸನೆ ಸಹಜವಲ್ಲ. ತೊಟ್ಟಿಯ ಅಂಚಿನಲ್ಲಿ ಉಪ್ಪು ಕಟ್ಟಿರುವುದು, ಗಾಜಿನ ಒಂದು ಬದಿಯಲ್ಲಿ ಪಾಚಿ ಇರುವುದು ದೋಷವಲ್ಲ. ಮೀನುಗಳ ಅಂಗಡಿಯಲ್ಲಿ ಒಂದೆರಡು ಮೀನು ಸಾಯುವುದೂ ಉಂಟು. ಸತ್ತ ಮೀನು ಎಷ್ಟು ಹೊತ್ತಿನಿಂದ ಹಾಗೆಯೇ ಬಿದ್ದಿದೆ ಎಂಬುದನ್ನು ಗಮನಿಸಬೇಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತೊಟ್ಟಿಗಳನ್ನು ಒಂದೊಂದಾಗಿ ನೋಡಿ ಬರುವ ಕೆಲಸಗಾರರಿರುವ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೊಳೆತ ಮೀನು ಕಾಣಸಿಗದು.

ಮೀನುಗಳನ್ನು ನೋಡುವಾಗ ಬಣ್ಣಕ್ಕಿಂತ ಉಸಿರಾಟವನ್ನು ನೋಡತಕ್ಕದ್ದು. ಕಿವಿರು ಅವಸರದಿಂದ ಆಡುತ್ತಿದ್ದರೆ, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ, ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳಿದ್ದರೆ ಅಥವಾ ಸಣ್ಣ ಧೂಳಿನಂತಹ ಪದರ ಕಂಡರೆ ಅದು ಪರಾವಲಂಬಿ ರೋಗದ ಲಕ್ಷಣ. ಕಡಲ ಮೀನುಗಳ ಬಿಳಿಚುಕ್ಕೆ ರೋಗವನ್ನು ಉಂಟುಮಾಡುವ ಕ್ರಿಪ್ಟೊಕಾರಿಯಾನ್ ಎಂಬ ಸೂಕ್ಷ್ಮಜೀವಿ ಒಂದು ಮೀನಿನಿಂದ ಇಡೀ ತೊಟ್ಟಿಗೆ ಹರಡುತ್ತದೆ. ಅದೇ ತೊಟ್ಟಿಯಲ್ಲಿರುವ ಚೆಂದದ ಮೀನನ್ನೂ ಅಂದು ಕೊಳ್ಳಬಾರದು. ಬೆನ್ನು ಕುಗ್ಗಿ ಹೊಟ್ಟೆ ಒಳಕ್ಕೆ ಹೋಗಿರುವ ಮೀನು ಬಹುಕಾಲದಿಂದ ಆಹಾರ ಮುಟ್ಟಿಲ್ಲವೆಂದು ತಿಳಿಯಬೇಕು.

ಆದ್ದರಿಂದ ಮೀನು ಆಹಾರ ತಿನ್ನುವುದನ್ನು ಕಣ್ಣಾರೆ ನೋಡಿಯೇ ಕೊಳ್ಳತಕ್ಕದ್ದು. ಒಳ್ಳೆಯ ಅಂಗಡಿಯವರು ಕೇಳಿದ ಕೂಡಲೇ ಚಿಟಿಕೆ ಆಹಾರ ಹಾಕಿ ತೋರಿಸುತ್ತಾರೆ. “ಈಗ ತಾನೇ ಹಾಕಿದ್ದೇವೆ” ಎಂಬ ಉತ್ತರ ಬಂದರೆ ಮರುದಿನ ಬರುವುದಾಗಿ ಹೇಳಿ ಹೊರಡಬಹುದು. ಮರುದಿನವೂ ಅದೇ ಉತ್ತರ ಬಂದರೆ ಅರ್ಥ ಸ್ಪಷ್ಟ.

ಹೊಸ ಸರಕು ಯಾವ ದಿನ ಬರುತ್ತದೆ, ಬಂದ ಮೀನನ್ನು ಎಷ್ಟು ದಿನ ಪ್ರತ್ಯೇಕವಾಗಿ ಇಡುತ್ತಾರೆ ಎಂಬುದನ್ನೂ ಕೇಳಬೇಕು. ವಿಮಾನ ಹಾಗೂ ರಸ್ತೆಯ ಪ್ರಯಾಣದಿಂದ ಬಳಲಿದ ಮೀನನ್ನು ಚೀಲದಿಂದ ಚೀಲಕ್ಕೆ ವರ್ಗಾಯಿಸಿ ಅದೇ ಸಂಜೆ ಮಾರುವ ಅಂಗಡಿಗಿಂತ ಎರಡು ವಾರ ಇಟ್ಟುಕೊಂಡು, ಬದುಕುಳಿದುದನ್ನು ತುಸು ಹೆಚ್ಚಿನ ಬೆಲೆಗೆ ಮಾರುವ ಅಂಗಡಿಯೇ ಕೊನೆಗೆ ಅಗ್ಗ. ಇಷ್ಟವಾದ ಮೀನಿಗೆ ಮುಂಗಡ ಕೊಟ್ಟು, ಒಂದೆರಡು ವಾರ ಅಂಗಡಿಯಲ್ಲಿಯೇ ಇಡಲು ಕೋರಬಹುದಾಗಿದೆ. ಇದಕ್ಕೆ ಒಪ್ಪುವವರು ತಮ್ಮ ತೊಟ್ಟಿಯ ಮೇಲೆ ವಿಶ್ವಾಸವುಳ್ಳವರು.

ಕೇಳಬೇಕಾದ ಪ್ರಶ್ನೆಗಳು

ಅಂಗಡಿಯ ಕಡಲ ತೊಟ್ಟಿಯ ಲವಣಾಂಶ ಎಷ್ಟೆಂದು ಕೇಳಿದಾಗ ಅಂಕಿಯಲ್ಲಿ ಉತ್ತರ ಬರಬೇಕು. ಸಹಜ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದು, ಸಾಪೇಕ್ಷ ಸಾಂದ್ರತೆ ಸುಮಾರು 1.025 ಇರುತ್ತದೆ. ಕೆಲವು ಅಂಗಡಿಗಳು ಉಪ್ಪಿನ ಖರ್ಚು ಉಳಿಸಲು ಹಾಗೂ ಪರಾವಲಂಬಿಗಳನ್ನು ಹದ್ದುಬಸ್ತಿನಲ್ಲಿಡಲು ಮೀನಿನ ತೊಟ್ಟಿಗಳನ್ನು 1.018ರಷ್ಟು ಕಡಿಮೆ ಸಾಂದ್ರತೆಯಲ್ಲಿ ಇಡುತ್ತವೆ. ಹಾಗೆ ಇಡುವುದು ತಪ್ಪಲ್ಲ, ಹೇಳದಿರುವುದು ತಪ್ಪು. ಅಲ್ಲಿಂದ ತಂದ ಮೀನನ್ನು ಏಕಾಏಕಿ 1.025ರ ನೀರಿಗೆ ಬಿಟ್ಟರೆ ಒಂದೆರಡು ದಿನಗಳಲ್ಲಿ ಸಾಯಬಹುದು, ಕೊಂಡವರು ತಮ್ಮ ತೊಟ್ಟಿಯಲ್ಲಿಯೇ ದೋಷವಿದೆಯೆಂದು ಹುಡುಕುತ್ತಾ ಕೂರುವರು.

ತಾಮ್ರದ ಔಷಧಿಯನ್ನು ಬಳಸುತ್ತೀರಾ ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಮೀನುಗಳ ಬಿಳಿಚುಕ್ಕೆ ರೋಗಕ್ಕೆ ತಾಮ್ರ ಒಳ್ಳೆಯ ಔಷಧಿ. ಆದರೆ ಅದೇ ತಾಮ್ರ ಸಿಗಡಿ, ಬಸವನಹುಳು, ಹವಳ ಮುಂತಾದ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ. ಮೀನಿನ ತೊಟ್ಟಿಗಳ ನೀರಿನ ವ್ಯವಸ್ಥೆ ಹಾಗೂ ಇತರ ಜೀವಿಗಳ ತೊಟ್ಟಿಗಳ ನೀರಿನ ವ್ಯವಸ್ಥೆ ಬೇರೆ ಬೇರೆಯಾಗಿರಬೇಕು. ಅಂಗಡಿಯ ಚೀಲದ ನೀರನ್ನು ಎಂದಿಗೂ ಮನೆಯ ತೊಟ್ಟಿಗೆ ಸುರಿಯಬಾರದು.

ನೀರಿನ ಬಗ್ಗೆ ನಮ್ಮ ರಾಜ್ಯದವರು ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಕೊಳವೆಬಾವಿಯ ಗಡಸು ನೀರು, ಕೆಲವೆಡೆ ಕ್ಲೋರಿನ್ ಬೆರೆತ ಕಾವೇರಿ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಎಂದು ಒಂದೇ ಮನೆಗೆ ಮೂರು ಬಗೆಯ ನೀರು ಬರುವುದುಂಟು. ಹವಳದ ತೊಟ್ಟಿಗೆ ಇವು ಯಾವುವೂ ನೇರವಾಗಿ ಆಗುವುದಿಲ್ಲ. ಆರ್‌ಓ ಹಾಗೂ ಡಿಐ ಶುದ್ಧೀಕರಣದಿಂದ ಕರಗಿದ ಘನವಸ್ತುಗಳನ್ನು ಬಹುತೇಕ ಸೊನ್ನೆಗೆ ಇಳಿಸಿದ ನೀರಿಗೆ ಉತ್ತಮ ಗುಣಮಟ್ಟದ ಕಡಲ ಉಪ್ಪನ್ನು ಬೆರೆಸಬೇಕು. 100 ಲೀಟರಿಗೆ ಸುಮಾರು 3.5ರಿಂದ 4 ಕಿಲೋ ಉಪ್ಪು ಬೇಕಾಗುತ್ತದೆ. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ. ಬೆರೆಸಿದ ನೀರನ್ನು ಮಾರುವ ಅಂಗಡಿಗಳು ಟಿಡಿಎಸ್ ಮೀಟರನ್ನು ಶುದ್ಧ ನೀರಿಗೆ ಅದ್ದಿ ತಮ್ಮೆದುರು ತೋರಿಸಲು ಸಿದ್ಧವಿರಬೇಕು. ಕರಾವಳಿಯಿಂದ ಡ್ರಮ್ಮಿನಲ್ಲಿ ತಂದ ಕಡಲ ನೀರನ್ನು ಮಾರುವುದಾದರೆ ಎಲ್ಲಿಂದ, ಯಾವಾಗ ತಂದದ್ದೆಂದು ವಿಚಾರಿಸುವುದು ಒಳಿತು. ಬಂದರು ಹಾಗೂ ನದಿ ಅಳಿವೆಯ ಬಳಿಯ ನೀರು ಯೋಗ್ಯವಲ್ಲ.

ಅಂಗಡಿಯವರು ಕೇಳಬೇಕಾದ ಪ್ರಶ್ನೆಗಳು

ಅಂಗಡಿಯವರು ತಮ್ಮನ್ನು ಏನು ಕೇಳುತ್ತಾರೆ ಎಂಬುದು ತಾವು ಅವರನ್ನು ಕೇಳುವುದಕ್ಕಿಂತ ಹೆಚ್ಚಿನದನ್ನು ತಿಳಿಸುತ್ತದೆ. ತೊಟ್ಟಿ ಎಷ್ಟು ಲೀಟರಿನದು, ನೀರು ತುಂಬಿಸಿ ಎಷ್ಟು ವಾರವಾಯಿತು, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ಮಾಡಿದ್ದೀರಾ, ಈಗಾಗಲೇ ಯಾವ ಮೀನುಗಳಿವೆ, ವಿದ್ಯುತ್ ಹೋದರೆ ಏನು ವ್ಯವಸ್ಥೆ ಎಂದು ಕೇಳಿದ ನಂತರವೇ ಬಲೆಗೆ ಕೈಹಾಕುವವರನ್ನು ನಂಬಬಹುದು.

ಹೊಸ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾಗಳಿಂದ ಈ ಅವಧಿ ಕಡಿಮೆಯಾಗಬಹುದಾದರೂ ಅಮೋನಿಯಾ ಸೊನ್ನೆಗೆ ಇಳಿದಿದೆಯೆಂದು ಪರೀಕ್ಷೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು. ತೊಟ್ಟಿ, ಉಪ್ಪು, ಪಂಪು, ದೀಪ, ಮೀನು ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಒಂದೇ ದಿನ ಕಟ್ಟಿಕೊಡುವ ಅಂಗಡಿ ಆ ಮೀನುಗಳು ಸಾಯುವುದನ್ನು ಲೆಕ್ಕದಲ್ಲಿಟ್ಟೇ ವ್ಯಾಪಾರ ಮಾಡುತ್ತಿದೆ ಎನ್ನದೆ ವಿಧಿಯಿಲ್ಲ. “ತೊಟ್ಟಿ ಒಯ್ಯಿರಿ, ಮೀನಿಗೆ ಮುಂದಿನ ತಿಂಗಳು ಬನ್ನಿ” ಎಂದು ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವವರ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು.

ಯಾವ ಮೀನನ್ನು ಮಾರಲು ಅಂಗಡಿಯವರು ಹಿಂಜರಿಯುತ್ತಾರೆ ಎಂಬುದರಿಂದಲೂ ಅವರ ತಿಳಿವಳಿಕೆ ತಿಳಿಯುತ್ತದೆ. ಮ್ಯಾಂಡರಿನ್ ಮೀನು ನೋಡಲು ಚಿತ್ತಾರದಂತಿದ್ದರೂ ಕಲ್ಲಿನ ಸಂದುಗಳಲ್ಲಿರುವ ಅತಿ ಸಣ್ಣ ಕೋಪಿಪಾಡ್‌ಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಜೀವಿ. ಹೊಸ ತೊಟ್ಟಿಯಲ್ಲಿ ಅದು ನಿಧಾನವಾಗಿ ಉಪವಾಸ ಸಾಯುತ್ತದೆ. ಚಲನಚಿತ್ರದಿಂದ ಮಕ್ಕಳಿಗೆ ಪರಿಚಿತವಾದ ನೀಲಿ ಟ್ಯಾಂಗ್ ಅಂಗಡಿಯಲ್ಲಿ ಬೆರಳುದ್ದವಿದ್ದರೂ ಬೆಳೆದಾಗ ಸುಮಾರು 30 ಸೆಂಟಿಮೀಟರ್ ಆಗುತ್ತದೆ. ಇತರ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿನ್ನುವ ಕ್ಲೀನರ್ ರಾಸ್ ಸಣ್ಣ ತೊಟ್ಟಿಯಲ್ಲಿ ಉಳಿಯುವುದು ಅಪರೂಪ. ಇವುಗಳನ್ನು 60 ಲೀಟರಿನ ತೊಟ್ಟಿಗೆಂದು ಕೇಳಿದಾಗ “ಕೊಡುವುದಿಲ್ಲ” ಎನ್ನುವ ಅಂಗಡಿ ಅಂದಿನ ವ್ಯಾಪಾರವನ್ನು ಬಿಟ್ಟು ಗಿರಾಕಿಯನ್ನು ಉಳಿಸಿಕೊಳ್ಳುತ್ತದೆ.

ಆರಂಭಕ್ಕೆ ಕ್ಲೌನ್ ಮೀನು ಸೂಕ್ತ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿಯೇ ರೂಪಿಸಿದೆ. ಮರಿ ಮಾಡಿಸಿದ ಮೀನು ತೊಟ್ಟಿಯ ಬದುಕಿಗೂ ಒಣ ಆಹಾರಕ್ಕೂ ಒಗ್ಗಿರುತ್ತದೆ. ಕಡಲಿನಿಂದ ಹಿಡಿದ ಮೀನಿನ ವಿಷಯ ಹಾಗಲ್ಲ. ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾದ ಕೆಲವೆಡೆ ಮೀನುಗಳನ್ನು ಮಂಕಾಗಿಸಿ ಹಿಡಿಯಲು ಸಯನೈಡ್ ದ್ರಾವಣವನ್ನು ಬಳಸುತ್ತಿದ್ದುದು ದಾಖಲಾಗಿದೆ. ಅಂತಹ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು ಕೆಲವು ವಾರಗಳ ಬಳಿಕ ಕಾರಣ ತಿಳಿಯದೆ ಸಾಯಬಹುದು, ಸಯನೈಡ್ ತಗುಲಿದ ಹವಳವೂ ಸಾಯುತ್ತದೆ. ಮರಿ ಮಾಡಿಸಿದ್ದೋ ಹಿಡಿದದ್ದೋ, ಯಾವ ದೇಶದ್ದು ಎಂಬ ಪ್ರಶ್ನೆಗೆ ಅಂಗಡಿಯವರಲ್ಲಿ ಉತ್ತರವಿರಬೇಕು.

ಜೊವಾಂಥಿಡ್ ಮಾರುವವರು ಒಂದು ಎಚ್ಚರಿಕೆಯನ್ನು ತಾವಾಗಿಯೇ ಹೇಳಬೇಕು. ಇವುಗಳಲ್ಲಿ ಕೆಲವು, ವಿಶೇಷವಾಗಿ ಪ್ಯಾಲಿಥೊವಾ ಗುಂಪಿನವು, ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವನ್ನು ಹೊಂದಿರುತ್ತವೆ. ಅವು ಅಂಟಿಕೊಂಡ ಕಲ್ಲನ್ನು ಕುದಿಸುವುದಾಗಲಿ, ಬಿಸಿನೀರಿನಿಂದ ತೊಳೆದು ಉಜ್ಜುವುದಾಗಲಿ ಮಾಡಬಾರದು, ಆವಿಯಿಂದ ಮನೆಯವರೆಲ್ಲ ಅಸ್ವಸ್ಥರಾಗಬಹುದು. ಕೈಗವಸು ಮತ್ತು ಕನ್ನಡಕ ಧರಿಸಿಯೇ ಮುಟ್ಟತಕ್ಕದ್ದು. ಮಕ್ಕಳಿರುವ ಮನೆಯೇ ಎಂದು ವಿಚಾರಿಸಿ ಮಾರುವವರು ಜವಾಬ್ದಾರಿಯುಳ್ಳವರು.

ವಿದ್ಯುತ್ ಕಡಿತದ ಬಗ್ಗೆ ಒಂದು ಮಾತು. ಪಂಪು ನಿಂತರೆ ನೀರಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ದುಬಾರಿ ದೀಪವನ್ನು ತೋರಿಸುವ ಮೊದಲು ಬ್ಯಾಟರಿಯ ಗಾಳಿ ಪಂಪನ್ನು ಕೊಳ್ಳುವಂತೆ ಹೇಳುವ ಅಂಗಡಿಯವರಿಗೆ ನಮ್ಮ ಊರಿನ ಮಳೆಗಾಲದ ಅರಿವಿದೆ.

ಬಿಲ್ಲು, ದೂರು ಹಾಗೂ ಸಂಪರ್ಕ

ಪ್ರತಿಯೊಂದು ಖರೀದಿಗೂ ಬಿಲ್ಲು ಪಡೆಯತಕ್ಕದ್ದು. ಬಿಲ್ಲಿನಲ್ಲಿ ಜೀವಿಯ ಹೆಸರು, ಸಾಧ್ಯವಾದರೆ ವೈಜ್ಞಾನಿಕ ಹೆಸರು, ಸಂಖ್ಯೆ, ಮೂಲ ಹಾಗೂ ದಿನಾಂಕ ಇರಬೇಕು. “ಕಡಲ ಮೀನು, 4” ಎಂದಷ್ಟೇ ಬರೆದ ಚೀಟಿಯಿಂದ ಮುಂದೆ ಉಪಯೋಗವಾಗದು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ಮೀನು ಸತ್ತರೆ ಎಷ್ಟು ದಿನದೊಳಗೆ, ಯಾವ ಷರತ್ತಿನ ಮೇಲೆ ಬದಲಿ ಕೊಡುತ್ತಾರೆ ಎಂಬುದನ್ನು ಕೊಳ್ಳುವ ಮೊದಲೇ ಬರೆಸಿಕೊಳ್ಳಬೇಕು. ಬದಲಿ ಕೊಡುವ ಮುನ್ನ ಮನೆಯ ತೊಟ್ಟಿಯ ನೀರಿನ ಮಾದರಿಯನ್ನು ತರಲು ಅಂಗಡಿಯವರು ಕೇಳಿದರೆ ಅದು ನ್ಯಾಯವಾದ ಷರತ್ತೇ ಆಗಿದೆ. ಪಂಪು, ಹೀಟರ್, ದೀಪ ಮುಂತಾದ ವಿದ್ಯುತ್ ಉಪಕರಣಗಳಿಗೆ ಖಾತರಿ ಪತ್ರವನ್ನು ಪ್ರತ್ಯೇಕವಾಗಿ ಪಡೆಯುವುದು.

ಅಂಗಡಿಯವರೊಂದಿಗೆ ವಿವಾದ ಬಗೆಹರಿಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿಯೊಳಗೆ ಇದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ದೂರಿನೊಂದಿಗೆ ಬಿಲ್ಲಿನ ಪ್ರತಿ, ಛಾಯಾಚಿತ್ರಗಳು ಹಾಗೂ ಅಂಗಡಿಯವರಿಗೆ ಕಳುಹಿಸಿದ ಪತ್ರ ಅಥವಾ ಸಂದೇಶದ ಪ್ರತಿಗಳನ್ನು ಲಗತ್ತಿಸುವುದು.

ಗಟ್ಟಿ ಹವಳ, ಕಡಲಕುದುರೆ ಅಥವಾ ಅನುಸೂಚಿಯ ಇತರ ಜೀವಿಗಳ ಮಾರಾಟ ಕಂಡುಬಂದಲ್ಲಿ ಅಂಗಡಿಯವರೊಂದಿಗೆ ವಾಗ್ವಾದಕ್ಕೆ ಇಳಿಯದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಅರಣ್ಯ ಅಧಿಕಾರಿಗಳ ಕಚೇರಿಗೆ ತಿಳಿಸಲು ಕೋರಲಾಗಿದೆ.

ಹವ್ಯಾಸವನ್ನು ಮುಂದುವರಿಸಲಾಗದವರು ಮೀನುಗಳನ್ನು ಕೆರೆ, ಹೊಳೆ ಅಥವಾ ಕಡಲಿಗೆ ಬಿಡಬಾರದು. ಅಟ್ಲಾಂಟಿಕ್ ಸಾಗರದ ಮೂಲ ನಿವಾಸಿಯಲ್ಲದ ಲಯನ್ ಮೀನು ಈಗ ಅಮೆರಿಕದ ಪೂರ್ವ ಕರಾವಳಿ ಹಾಗೂ ಕೆರಿಬಿಯನ್ ದಿಬ್ಬಗಳಲ್ಲಿ ಸ್ಥಳೀಯ ಮೀನುಗಳನ್ನು ತಿಂದು ಹಾವಳಿ ಮಾಡುತ್ತಿದೆ. ಅದು ಅಲ್ಲಿಗೆ ಅಕ್ವೇರಿಯಂಗಳಿಂದಲೇ ತಲುಪಿತೆಂದು ತಜ್ಞರು ಅಭಿಪ್ರಾಯಪಡುತ್ತಾರೆ. ಸಾಕಲಾಗದ ಮೀನನ್ನು ಹಿಂದಕ್ಕೆ ಪಡೆಯುವಿರಾ ಎಂದು ಅಂಗಡಿಯವರನ್ನು ಮೊದಲ ದಿನವೇ ಕೇಳಿ, ಒಪ್ಪಿದರೆ ಅದನ್ನೂ ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಳ್ಳುವುದು.